ಹದಿನೇಳು ಕಾರ್ಡು, ಹದಿನಾರು ಜನ: ಕ್ರೂಸ್ ಹಡಗಿನ ಡ್ರಿಲ್‌ನಲ್ಲಿ ನಮ್ಮ ಮನೆಯವರು ಮಾಡಿದ ತಪ್ಪು

ಕಳೆದ ವರ್ಷ ಮಾವಿನ ಕಟಾವು ಮುಗಿದ ಮೇಲೆ ನಮ್ಮ ಮನೆಯವರು 17 ಜನ ಚೆನ್ನೈಗೆ ಹೋಗಿ ಕ್ರೂಸ್ ಹಡಗು ಹತ್ತಿದೆವು. ಎರಡು ರಾತ್ರಿ ಸಮುದ್ರದಲ್ಲೇ ಸುತ್ತಿಸಿ ಮತ್ತೆ ಚೆನ್ನೈಗೇ ತಂದು ಬಿಡುವ ಪ್ರವಾಸ. ಮೊದಲ ರಾತ್ರಿಯೇ ಅಲಾರಾಂ ಹೊಡೆಯಿತು. ಯಾರಿಗೂ ಏನೂ ಆಗಲಿಲ್ಲ. ಹಡಗಿಗೂ ಏನೂ ಆಗಲಿಲ್ಲ. ಆದರೆ ಆ ರಾತ್ರಿ 22 ನಿಮಿಷ ನಮ್ಮ ದೊಡ್ಡಮ್ಮ ಎಲ್ಲಿದ್ದಾರೆ ಅಂತ ನಮಗೂ ಗೊತ್ತಿರಲಿಲ್ಲ, ಹಡಗಿನವರಿಗೂ ಗೊತ್ತಿರಲಿಲ್ಲ. ಅದಕ್ಕೆ ಕಾರಣ ಅವತ್ತು ಸಂಜೆ ನಾನು ಮಾಡಿದ ಒಂದು ಕೆಲಸ. ಒಳ್ಳೆಯದಾಗಲಿ ಅಂತಲೇ ಮಾಡಿದ್ದು, ಆದರೆ ತಪ್ಪು ತಪ್ಪೇ. ಈಗ ನಮ್ಮ ಕೋಲಾರದ ಕಡೆಯಿಂದ ಅಪ್ಪ ಅಮ್ಮಂದಿರನ್ನ ಕರೆದುಕೊಂಡು ಹೀಗೆ ಹೋಗುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ.

ಯಾರು ಯಾರು ಹೋಗಿದ್ದೆವು

ನಮ್ಮೂರು ಮುಳಬಾಗಿಲು. ನಾನು ಹೈಸ್ಕೂಲ್ ಟೀಚರ್. ದೊಡ್ಡಪ್ಪನಿಗೆ ಶ್ರೀನಿವಾಸಪುರದ ಹತ್ತಿರ ಮಾವಿನ ತೋಟ ಇದೆ, ಆ ಸಲ ಬೆಲೆ ಸಿಕ್ಕಿತ್ತು, ಖರ್ಚಿನಲ್ಲಿ ಅರ್ಧ ಅವರದ್ದೇ. ಜೊತೆಗೆ ದೊಡ್ಡಮ್ಮ, ಚಿಕ್ಕಪ್ಪ ಚಿಕ್ಕಮ್ಮ, ನನ್ನ ತಮ್ಮ, ನಾಲ್ಕು ಮಕ್ಕಳು, ಮತ್ತೆ ನಮ್ಮಮ್ಮನ ಅಪ್ಪ, ಅಂದರೆ ತಾತ. ತಾತನಿಗೆ 80 ದಾಟಿದೆ. ಕೆಜಿಎಫ್ ಗಣಿಯಲ್ಲಿ ದುಡಿದು ರಿಟೈರ್ ಆದವರು. ಮನೆಯಲ್ಲಿ ಮಾತು ಅರ್ಧ ತೆಲುಗು, ಅರ್ಧ ಕನ್ನಡ. 17 ಜನರಲ್ಲಿ ಇಂಗ್ಲಿಷ್ ಸರಾಗವಾಗಿ ಅರ್ಥ ಆಗುವುದು ಐದು ಜನಕ್ಕೆ, ಹಿಂದಿ ಮೂರು ಜನಕ್ಕೆ. ಈ ಲೆಕ್ಕ ಮುಂದೆ ಬೇಕಾಗುತ್ತೆ.

ಹಿಂದಿನ ಸಂಜೆ ಕುರುಡುಮಲೆ ಗಣಪನಿಗೆ ಕಾಯಿ ಒಡೆಸಿ, ಬೆಳಗಿನ ಜಾವ ಮಿನಿ ಬಸ್ಸಿನಲ್ಲಿ ಚಿತ್ತೂರು, ರಾಣಿಪೇಟೆ ದಾಟಿ ಮಧ್ಯಾಹ್ನದ ಹೊತ್ತಿಗೆ ಬಂದರು ಸೇರಿದೆವು. ಚೆಕಿಂಗ್‌ನಲ್ಲಿ ಮೊದಲ ಬೇಜಾರು. ದೊಡ್ಡಮ್ಮನ ಬ್ಯಾಗಿನಿಂದ ಊದುಬತ್ತಿ, ಕರ್ಪೂರ, ಬೆಂಕಿಪೊಟ್ಟಣ, ಚಿಕ್ಕಮ್ಮನ ಬ್ಯಾಗಿನಿಂದ ಬಿಸಿನೀರಿನ ಕೆಟಲ್, ಇಸ್ತ್ರಿಪೆಟ್ಟಿಗೆ ತೆಗೆದಿಟ್ಟುಕೊಂಡು ಚೀಟಿ ಕೊಟ್ಟರು. ಇಳಿಯುವಾಗ ವಾಪಸ್ ಕೊಡುತ್ತಾರೆ. "ದೇವರಿಗೆ ಒಂದು ದೀಪ ಹಚ್ಚೋಕೂ ಬಿಡಲ್ವಾ?" ಅಂತ ದೊಡ್ಡಮ್ಮ ಕಣ್ಣಲ್ಲಿ ನೀರು ತಂದುಕೊಂಡರು. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ. 2006ರ ಮಾರ್ಚ್‌ನಲ್ಲಿ ಸ್ಟಾರ್ ಪ್ರಿನ್ಸೆಸ್ ಅನ್ನುವ ಹಡಗು ಜಮೈಕಾ ಕಡೆ ಹೋಗುತ್ತಿದ್ದಾಗ ರಾತ್ರಿ ಬೆಂಕಿ ಬಿತ್ತು. ಆರದ ಸಿಗರೇಟ್ ತುಂಡು ಒಂದು ಬಾಲ್ಕನಿಗೆ ಬಿದ್ದು ಹತ್ತಿಕೊಂಡಿರಬೇಕು ಅಂತ ತನಿಖೆಯಲ್ಲಿ ಬಂತು. ಸಾಲು ಸಾಲು ರೂಮುಗಳು ಸುಟ್ಟವು, ಒಬ್ಬ ಪ್ರಯಾಣಿಕರು ತೀರಿಕೊಂಡರು. ಊರಲ್ಲಿ ಬೆಂಕಿ ಬಿದ್ದರೆ ಬೀದಿಗೆ ಓಡಬಹುದು. ಅಲ್ಲಿ ಬೀದಿ ಎಲ್ಲಿದೆ?

ಕಾರ್ಡಿನ ಕಟ್ಟು

ಹಡಗು ಹತ್ತುವಾಗ ಒಬ್ಬೊಬ್ಬರ ಫೋಟೊ ತೆಗೆದು ಎಟಿಎಂ ಕಾರ್ಡಿನ ಥರದ ಒಂದು ಕಾರ್ಡ್ ಕೊಡುತ್ತಾರೆ. ರೂಮಿನ ಬೀಗದ ಕೈ ಅದೇ, ಗುರುತಿನ ಚೀಟಿ ಅದೇ, ಅಂಗಡಿಯಲ್ಲಿ ಸಾಮಾನು ತಗೊಂಡರೆ ದುಡ್ಡು ಹಿಡಿಯುವುದೂ ಅದರಲ್ಲೇ. ಮೂಲೆಯಲ್ಲಿ ಒಂದು ಅಕ್ಷರ ಇರುತ್ತೆ, ನಮ್ಮದರಲ್ಲಿ 'ಸಿ'. ಅದು ನಿಮ್ಮ ಮಸ್ಟರ್ ಸ್ಟೇಷನ್. ಅಪಾಯ ಅಂದಾಗ ನೀವು ಹೋಗಿ ನಿಲ್ಲಬೇಕಾದ ಜಾಗ. ದೋಣಿಗಳ ಪಕ್ಕದಲ್ಲೇ ಇರುತ್ತೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಆದರೆ ಎಷ್ಟೋ ಹಡಗುಗಳಲ್ಲಿ ಅದು ಒಳಗಿನ ಥಿಯೇಟರ್, ಇಲ್ಲವೇ ಊಟದ ಹಾಲ್. ನಮ್ಮದು ಏಳನೇ ಡೆಕ್‌ನ, ಅಂದರೆ ಏಳನೇ ಮಹಡಿಯ, ಥಿಯೇಟರ್. ರೂಮುಗಳು ಐದನೇ ಡೆಕ್‌ನಲ್ಲಿ.

ಮಸ್ಟರ್ ಅನ್ನುವ ಪದ ನಮಗೆ ಹೊಸದಲ್ಲ. ಉದ್ಯೋಗ ಖಾತ್ರಿ ಕೆಲಸದಲ್ಲಿ ಎನ್‌ಎಂಆರ್ ಅಂತೀವಲ್ಲ, ಅದರಲ್ಲಿರುವ 'ಎಂ' ಇದೇ ಮಸ್ಟರ್. ಹಾಜರಿ. ಹೆಸರು ಕೂಗಿದಾಗ ಆಳು ಎದುರಿಗೆ ನಿಂತಿರಬೇಕು.

ಸಂಜೆ ನಾಲ್ಕೂವರೆಗೆ ಡ್ರಿಲ್, ಅಂದರೆ ಅಪಾಯ ಬಂದರೆ ಏನು ಮಾಡಬೇಕು ಅಂತ ಎಲ್ಲರನ್ನೂ ಸೇರಿಸಿ ತೋರಿಸುವುದು. ಆರಕ್ಕೆ ಹಡಗು ಹೊರಡುವುದು. ದೊಡ್ಡಮ್ಮನಿಗೆ ಬಸ್ಸಿನಲ್ಲಿ ಎರಡು ಸಲ ವಾಂತಿ ಆಗಿತ್ತು, ರೂಮಿಗೆ ಬಂದವರೇ ಮಲಗಿಬಿಟ್ಟರು. "ನಿದ್ದೆ ಹತ್ತಿದೆ, ಎಬ್ಬಿಸಬೇಡ, ಏನೋ ಬೆಲ್ಟ್ ಹಾಕೋದು ತೋರಿಸ್ತಾರಂತೆ, ನಾನು ನೋಡಿಕೊಂಡು ಬಂದು ಹೇಳ್ತೀನಿ" ಅಂದರು ದೊಡ್ಡಪ್ಪ. ನನಗೂ ಸರಿ ಅನ್ನಿಸಿತು. ಮಕ್ಕಳು ಕಳೆದುಹಾಕುತ್ತಾರೆ ಅಂತ ಎಲ್ಲರ ಕಾರ್ಡೂ ನನ್ನ ಕೈಯಲ್ಲೇ ಇತ್ತು. ಥಿಯೇಟರ್ ಬಾಗಿಲಲ್ಲಿ ನೂಕುನುಗ್ಗಲು. ಅಲ್ಲಿದ್ದ ಹುಡುಗಿ ಒಂದೊಂದೇ ಕಾರ್ಡ್ ಮೆಷಿನ್‌ಗೆ ತೋರಿಸುತ್ತಿದ್ದಳು. ನಾನು ಹದಿನೇಳನ್ನೂ ಒಟ್ಟಿಗೆ ಕೊಟ್ಟೆ. ಅವಳು ತಲೆ ಎಣಿಸಲಿಲ್ಲ, ಬೀಪ್ ಬೀಪ್ ಅಂತ ಹದಿನೇಳೂ ಹೊಡೆದು ವಾಪಸ್ ಕೊಟ್ಟಳು. ಒಳಗೆ ಹೋದದ್ದು ಹದಿನಾರು ಜನ.

ಒಳಗೆ ಹೇಳಿದ್ದು ಇಂಗ್ಲಿಷ್‌ನಲ್ಲಿ, ಆಮೇಲೆ ಹಿಂದಿಯಲ್ಲಿ. ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದವಾಗಿ ಸದ್ದಾದರೆ ಅದು ಎಲ್ಲರಿಗೂ ಕೊಡುವ ಅಲಾರಾಂ. ಪ್ರಪಂಚದ ಯಾವ ಪ್ರಯಾಣಿಕರ ಹಡಗಿಗೆ ಹೋದರೂ ಇದೇ ಸದ್ದು. ಕೇಳಿದ ತಕ್ಷಣ ನಿಮ್ಮ ಅಕ್ಷರದ ಜಾಗಕ್ಕೆ ಹೋಗಿ. ಲಿಫ್ಟ್ ಬೇಡ, ಮೆಟ್ಟಿಲಲ್ಲೇ ಹೋಗಿ. ಲೈಫ್ ಜಾಕೆಟ್ ತಲೆಯಿಂದ ಹಾಕಿಕೊಂಡು ಪಟ್ಟಿಯನ್ನ ಸೊಂಟದ ಸುತ್ತ ತಂದು ಮುಂದೆ ಬಿಗಿಯಬೇಕು. ಅದರಲ್ಲಿ ಒಂದು ಸೀಟಿ ಇರುತ್ತೆ, ನೀರಿಗೆ ಬಿದ್ದರೆ ಹೊತ್ತಿಕೊಳ್ಳುವ ಒಂದು ಲೈಟ್ ಇರುತ್ತೆ. ಮಕ್ಕಳಿಗೆ ಬೇರೆ ಅಳತೆಯದು. ಎಲ್ಲ ಚೆನ್ನಾಗಿಯೇ ಹೇಳಿದರು. ಆದರೆ ನಮ್ಮ ಸಾಲಿನಲ್ಲಿ ಚಿಕ್ಕಪ್ಪ ವಿಡಿಯೊ ಮಾಡುತ್ತಿದ್ದರು, ಮಕ್ಕಳು ಸೀಟಿ ಊದುತ್ತಿದ್ದರು, ಹಿರಿಯರು ಸುಮ್ನೆ ಮುಂದೆ ನೋಡುತ್ತಾ ಕೂತಿದ್ದರು. ಅರ್ಥ ಆಗಲಿಲ್ಲ ಅಂತ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ನಾನೂ ಕೇಳಲಿಲ್ಲ. ಪಾಠ ಮಾಡುವವಳಾಗಿ ನನಗೆ ಅದು ಗೊತ್ತಾಗಬೇಕಿತ್ತು, ತಲೆ ಆಡಿಸುವ ಮಕ್ಕಳೆಲ್ಲ ಅರ್ಥ ಮಾಡಿಕೊಂಡವರಲ್ಲ ಅನ್ನುವುದನ್ನ ನಾನು ದಿನಾ ನೋಡುತ್ತೇನೆ.

ಆ ರಾತ್ರಿ

ರಾತ್ರಿ 1 ಗಂಟೆ 40ಕ್ಕೆ ಸ್ಪೀಕರ್‌ನಲ್ಲಿ ಏನೋ ಎರಡು ಮೂರು ಸಲ ಹೇಳಿದರು. ಅದು ಸಿಬ್ಬಂದಿಗೆ ಮಾತ್ರ ಗೊತ್ತಿರುವ ಗುರುತಿನ ಮಾತು. ಜನ ಗಾಬರಿ ಆಗದ ಹಾಗೆ ಮೊದಲು ಕೆಲಸದವರನ್ನ ಸ್ಥಳಕ್ಕೆ ಕಳಿಸುವ ರೀತಿ ಅದು. 1.46ಕ್ಕೆ ಅಲಾರಾಂ. ಏಳು ಚಿಕ್ಕದು, ಒಂದು ಉದ್ದ. ಬಟ್ಟೆ ಒಗೆಯುವ ಕಡೆ ಡ್ರೈಯರ್‌ನಿಂದ ಹೊಗೆ ಬಂದಿತ್ತು ಅಂತ ನಮಗೆ ಗೊತ್ತಾಗಿದ್ದು ಬೆಳಿಗ್ಗೆ.

ದೊಡ್ಡಪ್ಪನಿಗೆ ನಿದ್ದೆ ಬರದೆ ಹತ್ತನೇ ಡೆಕ್‌ಗೆ ಹೋಗಿ ಗಾಳಿಗೆ ಕೂತಿದ್ದರು. ದೊಡ್ಡಮ್ಮ ರೂಮಿನಲ್ಲಿ ಒಬ್ಬರೇ.

ದೊಡ್ಡಪ್ಪ ಡ್ರಿಲ್‌ಗೆ ಬಂದವರು. ಸದ್ದು ಏನು ಅಂತ ಅವರಿಗೆ ಗೊತ್ತಾಯಿತು. ಆದರೆ ಅವರು ಹೋಗಿದ್ದು ಏಳನೇ ಡೆಕ್‌ಗಲ್ಲ, ಹೆಂಡತಿಯನ್ನ ಕರೆತರಲು ಐದಕ್ಕೆ. ಮೆಟ್ಟಿಲಲ್ಲಿ ಎಲ್ಲರೂ ಮೇಲಕ್ಕೆ ಬರುತ್ತಿದ್ದಾರೆ, ಇವರೊಬ್ಬರು ಕೆಳಕ್ಕೆ. ತಿರುವಿನಲ್ಲಿ ನಿಂತಿದ್ದ ಸಿಬ್ಬಂದಿ ಕೈ ಅಡ್ಡ ಇಟ್ಟರೂ ತಮಿಳಿನಲ್ಲಿ ಏನೋ ಹೇಳಿ ನುಸುಳಿಕೊಂಡು ಹೋದರು. ಅದೇ ಹೊತ್ತಿಗೆ ದೊಡ್ಡಮ್ಮ ಎದ್ದು, ಪಕ್ಕದಲ್ಲಿ ಗಂಡ ಇಲ್ಲ ಅಂತ ನೋಡಿ, ಒಡವೆ ಮತ್ತು ಬಿಪಿ ಮಾತ್ರೆ ಇದ್ದ ಚೀಲ ಹುಡುಕಿ ಹೆಗಲಿಗೆ ಹಾಕಿಕೊಂಡು, ಗಂಡ ಹತ್ತನೇ ಡೆಕ್‌ನಲ್ಲೇ ಇರ್ತಾರೆ ಅಂತ ಲಿಫ್ಟ್ ಹತ್ತಿದರು. ಒಬ್ಬರು ಮೆಟ್ಟಿಲಲ್ಲಿ ಕೆಳಗೆ, ಒಬ್ಬರು ಲಿಫ್ಟಿನಲ್ಲಿ ಮೇಲೆ.

ಥಿಯೇಟರ್‌ನಲ್ಲಿ ನಾವು 15 ಜನ. ತಮ್ಮ "ನಾನು ಹೋಗಿ ನೋಡ್ತೀನಿ" ಅಂತ ಎದ್ದು ಓಡಿದ. ಈಗ 14. ಅಲ್ಲಿದ್ದ ಅಧಿಕಾರಿ ಬಂದು ನನ್ನನ್ನ ಕೇಳಿದ ಮೊದಲ ಪ್ರಶ್ನೆ: "ಆ ಅಮ್ಮ ಡ್ರಿಲ್‌ಗೆ ಬಂದಿದ್ದರಾ?" ಅವರ ಕೈಯಲ್ಲಿದ್ದ ಸ್ಕ್ರೀನಿನಲ್ಲಿ ಬಂದಿದ್ದಾರೆ ಅಂತಲೇ ಇತ್ತು. ಡ್ರಿಲ್ ನೋಡಿದವರಾದರೆ ದಾರಿ ಗೊತ್ತಿರುತ್ತೆ, ಬರುತ್ತಿರುತ್ತಾರೆ ಅಂತ ಅವರು ಇನ್ನಷ್ಟು ಹೊತ್ತು ಕಾಯುತ್ತಿದ್ದರೋ ಏನೋ. ಇಲ್ಲ, ಬಂದಿರಲಿಲ್ಲ, ಕಾರ್ಡ್ ಮಾತ್ರ ನಾನು ತಂದಿದ್ದೆ ಅಂತ ಹೇಳಿದೆ. ಅವರು ಬೈಯಲಿಲ್ಲ. ತಕ್ಷಣ ವಾಕಿಟಾಕಿಯಲ್ಲಿ ರೂಮ್ ನಂಬರ್, ವಯಸ್ಸು, ಹಸಿರು ಸೀರೆ, ಇಂಗ್ಲಿಷ್ ಹಿಂದಿ ಬರಲ್ಲ ಅಂತ ತಿಳಿಸಿದರು.

ಖಾಲಿ ರೂಮಿನಲ್ಲಿ ಕೂಗುತ್ತಾ ನಿಂತಿದ್ದ ದೊಡ್ಡಪ್ಪನನ್ನ ರೂಮು ನೋಡಲು ಬಂದ ಸಿಬ್ಬಂದಿಯೇ 1.58ಕ್ಕೆ ಕರೆತಂದರು. ಹಿಂದೆಯೇ ತಮ್ಮನನ್ನೂ ಮೆಟ್ಟಿಲಿಂದ ವಾಪಸ್ ಕಳಿಸಿದರು. "ನಿಮ್ಮ ದೊಡ್ಡಮ್ಮ ಎಲ್ಲಮ್ಮಾ?" ಅಂತ ದೊಡ್ಡಪ್ಪ ನನ್ನನ್ನ ಕೇಳಿದ್ದು ಇನ್ನೂ ಕಿವಿಯಲ್ಲಿದೆ. 2.08ಕ್ಕೆ ಸುದ್ದಿ ಬಂತು. ಹತ್ತನೇ ಡೆಕ್‌ನಲ್ಲಿ ಅಳುತ್ತಾ ನಿಂತಿದ್ದವರನ್ನ ಅಡುಗೆ ವಿಭಾಗದ ಹುಡುಗನೊಬ್ಬ ಕೈ ಹಿಡಿದು ಹತ್ತಿರದ 'ಎ' ಸ್ಟೇಷನ್‌ಗೆ ಕರೆದುಕೊಂಡು ಹೋಗಿದ್ದ. 2.35ಕ್ಕೆ ಎಲ್ಲ ಸರಿ ಇದೆ, ರೂಮಿಗೆ ಹೋಗಬಹುದು ಅಂದರು.

ತಾತ ಹೇಳಿದ ಟೋಕನ್ ವಿಷಯ

ಆ ಹೊತ್ತಿನಲ್ಲಿ ನಮ್ಮ ಪೈಕಿ ಅಲುಗಾಡದೆ ಕೂತಿದ್ದವರು ತಾತ ಒಬ್ಬರೇ. ಜಾಕೆಟ್ ಬಿಗಿದುಕೊಂಡು, ಕೋಲು ಕಾಲ ಮಧ್ಯೆ ಇಟ್ಟುಕೊಂಡು, ಬಾಗಿಲ ಕಡೆ ನೋಡುತ್ತಿದ್ದರು. ಬೆಳಿಗ್ಗೆ ಕಾಫಿ ಕುಡಿಯುವಾಗ ಮಾತಾಡಿದರು.

ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್‌ಗಿಂತ ಆಳ. 2001ರಲ್ಲಿ ಗಣಿಗಳು ಮುಚ್ಚುವವರೆಗೂ ಕೆಜಿಎಫ್‌ನಲ್ಲಿ ಬಂಡೆ ಸಿಡಿದರೆ ಮೇಲಿನ ಮನೆಗಳ ಪಾತ್ರೆ ಅಲುಗುತ್ತಿದ್ದವು. ಕೆಳಗೆ ಇಳಿಯುವವನು ತನ್ನ ಟೋಕನ್ ಕೊಟ್ಟು ಇಳಿಯಬೇಕು, ಬಂದ ಮೇಲೆ ವಾಪಸ್ ತಗೊಳ್ಳಬೇಕು. ಹಲಗೆ ಮೇಲೆ ಒಂದು ಟೋಕನ್ ಉಳಿದರೂ ಒಬ್ಬ ಕೆಳಗಿದ್ದಾನೆ ಅಂತಲೇ ಲೆಕ್ಕ. ಅವನನ್ನ ಹುಡುಕಲು ಇನ್ನೊಬ್ಬರು ಇಳಿಯುತ್ತಾರೆ, ಹೊಗೆ ಇರಲಿ, ಬಂಡೆ ಸಡಿಲ ಇರಲಿ. "ಇನ್ನೊಬ್ಬನ ಟೋಕನ್ ಮುಟ್ಟಿದ್ರೆ ನಮ್ಮಲ್ಲಿ ಹೊಡೆದೇ ಬಿಡ್ತಿದ್ರು ಕಣಮ್ಮ" ಅಂದರು ತಾತ. ನನಗೆ ಅಂತ ಅವರು ಹೇಳಲಿಲ್ಲ, ಆದರೆ ನನಗೇ ಹೇಳಿದ್ದು.

ಅಲ್ಲಿಯವರೆಗೂ ನಾನು ಡ್ರಿಲ್ ಅಂದರೆ ಜಾಕೆಟ್ ಹಾಕುವುದನ್ನ ಕಲಿಸುವ ಕ್ಲಾಸ್ ಅಂದುಕೊಂಡಿದ್ದೆ. ಅದು ಅಷ್ಟೇ ಅಲ್ಲ, ಅದು ಲೆಕ್ಕ. ಯಾರು ಎಲ್ಲಿದ್ದಾರೆ, ಯಾರಿಗೆ ದಾರಿ ಗೊತ್ತಿದೆ ಅನ್ನುವ ಲೆಕ್ಕ. ನಾನು ಅದರಲ್ಲಿ ಸುಳ್ಳು ಹಾಜರಿ ಹಾಕಿಸಿದ್ದೆ. ಹೊಗೆ ಜಾಸ್ತಿ ಇದ್ದಿದ್ದರೆ, ರೂಮಿನಲ್ಲಿ ಇಲ್ಲದ ದೊಡ್ಡಮ್ಮನಿಗಾಗಿ ಯಾವುದೋ ತಾಯಿಯ ಮಗ ಆ ಕಾರಿಡಾರ್‌ಗೆ ಹೋಗಬೇಕಾಗುತ್ತಿತ್ತು. ಹಡಗಿನ ಹುಡುಗಿ ತಲೆ ಎಣಿಸಬೇಕಿತ್ತು, ಅದು ಅವರ ತಪ್ಪು, ಅದನ್ನೂ ಅವರಿಗೆ ಬರೆದುಕೊಟ್ಟೆವು. ಆದರೆ ಕಾರ್ಡಿನ ಕಟ್ಟು ಚಾಚಿದ ಕೈ ನನ್ನದು.

ಈ ನಿಯಮಗಳೆಲ್ಲ ಸುಮ್ನೆ ಬಂದಿಲ್ಲ. 1912ರಲ್ಲಿ ಟೈಟಾನಿಕ್ ಮುಳುಗಿತು, ಹಡಗಿನಲ್ಲಿ 2,200ರಷ್ಟು ಜನ, ದೋಣಿಗಳಲ್ಲಿ ಜಾಗ 1,178 ಜನಕ್ಕೆ. ಆಮೇಲೆ 1914ರಲ್ಲಿ ದೇಶಗಳು ಸೇರಿ ಸಮುದ್ರದಲ್ಲಿ ಜನರ ಜೀವ ಕಾಪಾಡುವುದಕ್ಕೆ ಸೋಲಾಸ್ ಅನ್ನುವ ಒಪ್ಪಂದ ಮಾಡಿದವು, ಇವತ್ತು ನಡೆಯುತ್ತಿರುವುದು ಅದರ 1974ರ ರೂಪ. ಡ್ರಿಲ್‌ನ ಹೊತ್ತಿನ ವಿಷಯಕ್ಕೆ ಮಾತ್ರ ಇನ್ನೊಂದು ಹಡಗು ಬೇಕಾಯಿತು. 2012ರ ಜನವರಿ 13ರ ರಾತ್ರಿ ಕೋಸ್ಟಾ ಕಾಂಕಾರ್ಡಿಯಾ ಇಟಲಿಯ ಜಿಲ್ಯೊ ದ್ವೀಪದ ಹತ್ತಿರ ಬಂಡೆಗೆ ಹೊಡೆಯಿತು. 4,200ಕ್ಕೂ ಹೆಚ್ಚು ಜನ ಇದ್ದರು, 32 ಜನ ಸತ್ತರು. ಅವತ್ತೇ ಸಂಜೆ ಹತ್ತಿದ್ದ ನೂರಾರು ಜನಕ್ಕೆ ಡ್ರಿಲ್ ಇನ್ನೂ ಆಗಿರಲಿಲ್ಲ, ಯಾಕೆಂದರೆ ಆಗ 24 ಗಂಟೆಯೊಳಗೆ ಮಾಡಿದರೆ ಸಾಕು ಅಂತ ನಿಯಮ ಇತ್ತು. ಕರೆಂಟ್ ಹೋಗಿದೆ ಅಷ್ಟೇ ಅಂತ ಜನಕ್ಕೆ ಹೇಳಿದರು. ಹಡಗು ಬಿಡಿ ಅನ್ನುವ ಆದೇಶ ಬಂದಿದ್ದು ಬಂಡೆಗೆ ಹೊಡೆದು ಒಂದು ಗಂಟೆ ದಾಟಿದ ಮೇಲೆ. 2015ರ ಜನವರಿ 1ರಿಂದ ನಿಯಮ ಬದಲಾಯಿತು, ಹಡಗು ಹೊರಡುವ ಮೊದಲೇ ಇಲ್ಲವೇ ಹೊರಟ ಕೂಡಲೇ ಡ್ರಿಲ್ ಆಗಬೇಕು. ನಾವು "ಏನೋ ಬೆಲ್ಟ್ ಹಾಕೋದು" ಅಂದ ಆ ಅರ್ಧ ಗಂಟೆಯ ಹಿಂದೆ ಇಷ್ಟು ಜನರ ಸಾವು ಇದೆ.

ಇನ್ನೊಂದು ಲೆಕ್ಕ ಇದೆ. ಎಲ್ಲರೂ ಸೇರಿ ಜಾಕೆಟ್ ಹಾಕಿ ನಿಂತ ಮೇಲೆ, ಹಡಗು ಬಿಡುವ ಸೂಚನೆ ಕೊಟ್ಟ 30 ನಿಮಿಷದಲ್ಲಿ ಜನ ತುಂಬಿದ ದೋಣಿಗಳು ಇಳಿಯುವ ಹಾಗೆ ಹಡಗಿನ ವ್ಯವಸ್ಥೆ ಇರಬೇಕು. 'ಎಲ್ಲರೂ ಸೇರಿ ನಿಂತ ಮೇಲೆ' ಅನ್ನುವ ಮಾತು ನೋಡಿ. ನಮ್ಮ 22 ನಿಮಿಷ ಆ 30 ನಿಮಿಷದ ಒಳಗಿನದಲ್ಲ. ಅದಕ್ಕೂ ಮೊದಲಿನದು.

ಮಾರನೇ ದಿನ ನಾವು ಮಾಡಿದ್ದು

ಬೆಳಿಗ್ಗೆ ಆ ಅಧಿಕಾರಿಯನ್ನ ಹುಡುಕಿ, ನಮ್ಮವರಿಗೆ ಕನ್ನಡದಲ್ಲಿ ಇನ್ನೊಂದು ಸಲ ಹೇಳಬಹುದಾ ಅಂತ ಕೇಳಿದೆ. ಅವರು ಖುಷಿಯಿಂದ ಒಪ್ಪಿ ಒಬ್ಬ ಹುಡುಗನನ್ನ ಜೊತೆ ಮಾಡಿ ಕಳಿಸಿದರು. ಅವನು ತೋರಿಸಿದ, ನಾನು ಕನ್ನಡದಲ್ಲೂ ಚಿಕ್ಕಮ್ಮ ತೆಲುಗಿನಲ್ಲೂ ಹೇಳಿದೆವು. ಆಗ ಪ್ರಶ್ನೆಗಳು ಬಂದವು. ಹಿಂದಿನ ದಿನ ಒಂದೂ ಬಂದಿರಲಿಲ್ಲ.

ಸೀರೆ ಮೇಲೆ ಜಾಕೆಟ್ ಹೇಗೆ? ಸೆರಗನ್ನ ಮೊದಲು ಸೊಂಟಕ್ಕೆ ಸಿಕ್ಕಿಸಿ, ಆಮೇಲೆ ಜಾಕೆಟ್. ಸೆರಗು ಹೊರಗೆ ನೇತಾಡಿದರೆ ಮೆಟ್ಟಿಲಲ್ಲಿ ಹಿಂದಿನವರು ತುಳಿಯುತ್ತಾರೆ. ಚಿಕ್ಕಮ್ಮ ಅವತ್ತು ರಾತ್ರಿಯಿಂದ ಚೂಡಿದಾರ್ ಹಾಕಿಕೊಂಡೇ ಮಲಗಿದರು, ಮಂಚದ ಪಕ್ಕ ಹಿಂದೆ ಪಟ್ಟಿ ಇರುವ ಚಪ್ಪಲಿ. ಮಾತ್ರೆ? ದಿನದ ಮಾತ್ರೆ ಒಂದು ಪುಟ್ಟ ಪರ್ಸಿನಲ್ಲಿ ಕೊರಳಿಗೆ, ಕಾರ್ಡಿನ ಜೊತೆಗೇ. ಒಡವೆ? ದೊಡ್ಡಮ್ಮನೇ ಹೇಳಿದರು, ಇನ್ನು ಪ್ರಯಾಣಕ್ಕೆ ಒಡವೆ ತರಲ್ಲ. ನೀರಿಗೆ ಹಾರಬೇಕಾದರೆ? ಅದು ಕೊನೆಯ ದಾರಿ, ಹೇಳಿದರೆ ಮಾತ್ರ. ಒಂದು ಕೈಯಲ್ಲಿ ಮೂಗು ಮುಚ್ಚಿ, ಇನ್ನೊಂದು ಕೈಯಲ್ಲಿ ಜಾಕೆಟ್ ಒತ್ತಿ ಹಿಡಿದು, ಕಾಲು ಕೆಳಗೆ ಮಾಡಿ ನೆಟ್ಟಗೆ. ಗಂಡ ಮೇಲಿದ್ದು ಹೆಂಡತಿ ಕೆಳಗಿದ್ದರೆ? ಇದನ್ನ ಕೇಳಿದ್ದು ದೊಡ್ಡಪ್ಪ. ಹುಡುಗನ ಉತ್ತರ ಒಂದೇ: ನೀವು ನಿಮ್ಮ ಅಕ್ಷರಕ್ಕೆ ಹೋಗಿ, ರೂಮು ರೂಮು ನೋಡುವುದು ನಮ್ಮ ಕೆಲಸ, ನೋಡಿದ ಬಾಗಿಲಿಗೆ ಗುರುತು ಹಾಕಿಕೊಂಡು ಬರುತ್ತೇವೆ. ಮಕ್ಕಳು ಆಟದ ಕೋಣೆಯಲ್ಲಿದ್ದರೂ ಅಷ್ಟೇ, ಅವರನ್ನ ಸೇರಿಸುವ ಕ್ರಮ ಬೇರೆ ಇರುತ್ತೆ, ಅದು ಏನು ಅಂತ ಮೊದಲ ದಿನವೇ ಕೇಳಿ ಇಟ್ಟುಕೊಳ್ಳಬೇಕು. ದೊಡ್ಡಪ್ಪನಿಗೆ ಇದು ಸುಲಭಕ್ಕೆ ಒಪ್ಪಿಗೆ ಆಗಲಿಲ್ಲ. ನನಗೆ ಅವರ ಮೇಲೆ ಕೋಪ ಇಲ್ಲ. 40 ವರ್ಷ ಜೊತೆಗೆ ಬಾಳಿದವರನ್ನ ಬಿಟ್ಟು ಮುಂದೆ ಹೋಗು ಅಂದರೆ ಯಾರ ಕಾಲು ಏಳುತ್ತೆ? ಅದಕ್ಕೇ ಜೋಡಿ ಮಾಡಿದೆವು. ರಾತ್ರಿ ಹತ್ತರ ಮೇಲೆ ಯಾವ ಹಿರಿಯರೂ ಒಬ್ಬರೇ ಇರಬಾರದು, ರೂಮಿನಲ್ಲಾಗಲಿ ಹೊರಗಾಗಲಿ.

ಆಮೇಲೆ ನಡೆದು ನೋಡಿದೆವು. ಒಂದೊಂದು ರೂಮಿನಿಂದ ಥಿಯೇಟರ್‌ವರೆಗೆ, ಬಾಗಿಲು ಎಣಿಸುತ್ತಾ. ದೊಡ್ಡಮ್ಮನ ರೂಮಿನಿಂದ ಬಲಕ್ಕೆ 11 ಬಾಗಿಲು, ಕೈಗಂಬಿ ಎಡಗೈಗೆ, ಮೆಟ್ಟಿಲು ಎರಡು ಮಹಡಿ. ಹೊಗೆ ತುಂಬಿದರೆ ಬೋರ್ಡ್ ಕಾಣದಿರಬಹುದು, ಅದಕ್ಕೇ ಎಣಿಕೆ. ಬಗ್ಗಿ ಹೋಗಬೇಕು, ನೆಲದ ಹತ್ತಿರ ದಾರಿ ತೋರಿಸುವ ಹೊಳೆಯುವ ಪಟ್ಟಿ ಇರುತ್ತೆ. ಮಕ್ಕಳು ಎರಡನೇ ಸಲಕ್ಕೆ ಕಣ್ಣು ಮುಚ್ಚಿಕೊಂಡು ಹೋದರು. ತಾತನಿಗೆ ಮೆಟ್ಟಿಲಿಗೆ ಜಾಸ್ತಿ ಹೊತ್ತು ಹಿಡಿಯಿತು. ಇಂಥವರ ಹೆಸರನ್ನ ಮೊದಲೇ ಬರೆಸಿದರೆ ಸಹಾಯಕ್ಕೆ ಒಬ್ಬರನ್ನ ಗೊತ್ತು ಮಾಡುತ್ತಾರೆ ಅಂತ ಗೊತ್ತಾಗಿದ್ದೂ ಆಗಲೇ.

ನಡವಳಿಕೆ ಬಗ್ಗೆ ಸ್ವಲ್ಪ

ಹಡಗಿನಲ್ಲಿ ಶಿಷ್ಟಾಚಾರ ಅಂದರೆ ಚಮಚ ಹಿಡಿಯುವ ಕ್ರಮ ಅಂತ ನಮ್ಮವರು ಹೆದರಿದ್ದರು. ಕೈಯಲ್ಲೇ ಊಟ ಮಾಡಿದೆವು, ಯಾರೂ ತಿರುಗಿ ನೋಡಲಿಲ್ಲ. ನೋಡಬೇಕಾದದ್ದು ಬೇರೆ. ಊಟಕ್ಕೆ ಮೊದಲು ಸೋಪಿನಲ್ಲಿ ಕೈ ತೊಳೆಯಿರಿ. ಹಡಗಿನಲ್ಲಿ ವಾಂತಿ ಭೇದಿ ತರುವ ನೊರೊವೈರಸ್ ಬೇಗ ಹರಡುತ್ತೆ, ಅದಕ್ಕೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ. ವಾಂತಿ ಶುರುವಾದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಫೋಟೊಗೆ ಮಗುವನ್ನ ಕಂಬಿ ಮೇಲೆ ಕೂರಿಸಲೇಬೇಡಿ. ಯಾರಾದರೂ ನೀರಿಗೆ ಬಿದ್ದರೆ ಕೂಗಿ, ತೇಲುವ ಬಳೆ ಎಸೆಯಿರಿ, ಕಣ್ಣು ತೆಗೆಯದೆ ಕೈ ತೋರಿಸುತ್ತಲೇ ಇರಿ, ಅಲೆಗಳ ನಡುವೆ ಒಂದು ತಲೆ ಕ್ಷಣದಲ್ಲಿ ಮರೆಯಾಗುತ್ತೆ. ಹೊರಗಿನ ಬಾಗಿಲ ಸಂದಿಗೆ ಕೈ ಇಡಬೇಡಿ, ಗಾಳಿಗೆ ಬಡಿದರೆ ಬೆರಳೇ ಹೋಗಬಹುದು. ಹೊಸಿಲು ಎತ್ತರ ಇರುತ್ತೆ, ನಮ್ಮ ಹಳೇ ಮನೆಗಳ ಹಾಗೆ, ನೋಡಿ ದಾಟಿ. ಕಾರಿಡಾರ್‌ನಲ್ಲಿ ರಾತ್ರಿ ಜೋರು ಮಾತು ಬೇಡ, ಪಾಳಿ ಮುಗಿಸಿದ ಸಿಬ್ಬಂದಿಯೂ ಆಗಲೇ ಮಲಗಿರಬಹುದು. ಈಜುಕೊಳದ ಕುರ್ಚಿಗೆ ಬೆಳಿಗ್ಗೆಯೇ ಟವೆಲ್ ಹಾಸಿ ಹೋಗಿಬಿಡುವುದು, ಬಸ್ಸಿನ ಕಿಟಕಿಯಿಂದ ಕರ್ಚೀಫ್ ಹಾಕುವ ಅದೇ ಅಭ್ಯಾಸ, ಅಲ್ಲಿ ಜಗಳ ಆಗುವುದು ಇದಕ್ಕೇ. ಕೆಲಸದ ಹುಡುಗರನ್ನ "ಏಯ್" ಅಂತ ಕರೆಯಬೇಡಿ. ಊಟ ಬಡಿಸುವವರು, ಹಾಸಿಗೆ ಹಾಸುವವರು ಎಲ್ಲರಿಗೂ ಅಪಾಯದ ಹೊತ್ತಿಗೆ ಒಂದೊಂದು ಕೆಲಸ ಹಂಚಿರುತ್ತೆ. ದೊಡ್ಡಮ್ಮನ ಕೈ ಹಿಡಿದು ಕರೆದುಕೊಂಡು ಹೋದವನು ತರಕಾರಿ ಹೆಚ್ಚುವ ಹುಡುಗ.

ಇಳಿಯುವ ಮೊದಲು ದೊಡ್ಡಮ್ಮ ಆ ಅಧಿಕಾರಿಯ ಹತ್ತಿರ ಹೋಗಿ ತಮ್ಮ ಕಾರ್ಡ್ ತೋರಿಸಿ, "ನೆನ್ನೆ ನಾನೇ ಬಂದಿದ್ದೆ ಅಂತ ಬರ್ಕೊಳ್ಳಿ ಸಾರ್" ಅಂದರು. ನಾನು ಇಂಗ್ಲಿಷ್‌ನಲ್ಲಿ ಹೇಳಿದೆ. ಅವರು ನಿಜವಾಗಿಯೂ ಬರೆದುಕೊಂಡರು.

ಈಗ ಶ್ರೀನಿವಾಸಪುರದ ನಮ್ಮ ಬೀಗರ ಮನೆಯವರು ಒಂಬತ್ತು ಜನ ಹೊರಟಿದ್ದಾರೆ. ಹೋದ ಭಾನುವಾರ ಎಲ್ಲರನ್ನೂ ನಮ್ಮ ಜಗಲಿಯಲ್ಲಿ ಕೂರಿಸಿ, ನನ್ನ ಶಾಲೆಯ ಸೀಟಿಯನ್ನ ದೊಡ್ಡಮ್ಮನ ಕೈಗೆ ಕೊಟ್ಟೆ. ಅವರೇ ಊದಿದರು. ಏಳು ಚಿಕ್ಕದು, ಒಂದು ಉದ್ದ. ಆಮೇಲೆ ಒಬ್ಬೊಬ್ಬರನ್ನೇ ಮುಟ್ಟಿ ಎಣಿಸಿದರು. ಎಂಟೇ ಜನ ಇದ್ದರು. ಒಂಬತ್ತನೆಯವರು ಹಿತ್ತಲಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದರು. ಅವರನ್ನ ಕರೆಸಿ ಕೂರಿಸುವವರೆಗೂ ದೊಡ್ಡಮ್ಮ ಮುಂದಿನ ಮಾತು ಶುರು ಮಾಡಲಿಲ್ಲ.